ಚಿಲಕ ಹೊರಗಿದ್ದ ಕೋಣೆ

ಮೂರು ಬಡಿತ. ಮೊದಲ ಎರಡು ಹತ್ತಿರ ಹತ್ತಿರ, ಮೂರನೆಯದು ಸ್ವಲ್ಪ ತಡೆದು, ಬಡಿದವರು ನಡುವೆ ಉಸಿರು ತೆಗೆದುಕೊಂಡ ಹಾಗೆ. ಮರದ ಹಲಗೆಯ ಮೇಲೆ ಬೆರಳ ಗೆಣ್ಣಿನ ಶಬ್ದ ಅದು. ನಾನು ಹುಟ್ಟಿ ಬೆಳೆದ ಮನೆ ಮಂಗಳೂರಿನ ಒಂದು ಹೆಂಚಿನ ಕಾರ್ಖಾನೆಯ ಹಿಂಬದಿಯಲ್ಲಿತ್ತು. ದಿನಕ್ಕೆ ಮೂರು ಸಲ ಕಾರ್ಖಾನೆಯ ಸೈರನ್ ಕೂಗುತ್ತಿತ್ತು, ದೂರದಿಂದ ಇಗರ್ಜಿಯ ಗಂಟೆ ಕೇಳುತ್ತಿತ್ತು. ಅವೆಲ್ಲ ಈಗ ಯೋಚಿಸಿದರೆ ನೆನಪಿಗೆ ಬರುತ್ತವೆ, ಅಷ್ಟೆ. ಈ ಮೂರು ಬಡಿತ ಮಾತ್ರ ಯೋಚಿಸದೆಯೇ ಬರುತ್ತದೆ. ಕುವೈತಿನ ಸಾಲ್ಮಿಯಾದ ಈ ಐದನೇ ಮಹಡಿಯ ಫ್ಲ್ಯಾಟಿನಲ್ಲಿ ಬೆಳಗ್ಗೆ ಹಲ್ಲುಜ್ಜುವಾಗ, ಮಗಳು ಆಸ್ಪತ್ರೆಯ ಡ್ಯೂಟಿಗೆ ಹೋದ ಮೇಲೆ ಒಬ್ಬಳೇ ಚಹಾ ಸೋಸುವಾಗ, ಎಲ್ಲೋ ಗೋಡೆಯ ಹಿಂದೆ.

ಪಪ್ಪಾ ಕಾರ್ಖಾನೆಯಲ್ಲಿ ಗುಮಾಸ್ತರು. ಮನೆ ಕಾರ್ಖಾನೆಯವರು ಕೊಟ್ಟದ್ದು. ಎದುರಿಗೆ ಸಾಲ್, ಅಂದರೆ ನಮ್ಮ ಹಜಾರ. ಅದರ ಪೂರ್ವದ ಗೋಡೆಗೆ ದೇವರಿಡುವ ಆಲ್ತಾರ್, ಕೆಂಪು ಗಾಜಿನ ದೀಪ. ಹಿಂದೆ ಅಡಿಗೆಮನೆ. ದಿನಕ್ಕೆ ಎರಡು ಸಲ ಒರೆಸಿದರೂ ನೆಲದ ಮೇಲೆ ಕಾರ್ಖಾನೆಯ ಕೆಂಪು ಧೂಳು ಕೂತಿರುತ್ತಿತ್ತು. ಕಾನ್ವೆಂಟಿಗೆ ಹಾಕಿಕೊಂಡು ಹೋಗುವ ನನ್ನ ಬಿಳಿ ಸಾಕ್ಸ್ ಯಾವತ್ತೂ ಪೂರ್ತಿ ಬಿಳಿ ಇರಲಿಲ್ಲ, ಅದು ನನ್ನ ದೊಡ್ಡ ದುಃಖ. ಸಾಲಿಗೂ ಅಡಿಗೆಮನೆಗೂ ನಡುವೆ ಪಪ್ಪಾ ಹಲಗೆ ಹೊಡೆಸಿ ಒಂದು ಕೋಣೆ ಮಾಡಿಸಿದ್ದರು. ಮನೆಯ ಎಲ್ಲ ಬಾಗಿಲುಗಳ ಚಿಲಕ ಒಳಗಿತ್ತು. ಆ ಒಂದು ಕೋಣೆಯದು ಮಾತ್ರ ಹೊರಗೆ.

ಅಲ್ಲಿ ಇದ್ದವಳು ನಾತು ಮಾವ್ಶಿ, ನಮ್ಮ ಮಾಂಯ್‌ಯ ಅಂದರೆ ಅಮ್ಮನ ಅಕ್ಕ ನತಾಲಿಯಾ. ಸಿಸ್ಟರ್ ಆಗುತ್ತೇನೆಂದು ಮಠ ಸೇರಿ, ಎರಡು ವರ್ಷದ ಮೇಲೆ ಒಂದು ಪೆಟ್ಟಿಗೆಯ ಜೊತೆ ವಾಪಸು ಬಂದವಳು. ಬಂದ ಮೇಲೆ ಮಾತಾಡಲಿಲ್ಲ. ಮಾತಾಡಲು ಆಗುತ್ತಿರಲಿಲ್ಲವೋ, ಬೇಡವೆನ್ನಿಸಿತೋ, ಯಾರೂ ನಮಗೆ ಹೇಳಲಿಲ್ಲ. ಒಂದೆರಡು ಸಲ ಒಳಲಂಗದಲ್ಲೇ ರಸ್ತೆಗೆ ಹೋಗಿ ಕಾರ್ಖಾನೆಯ ಗೇಟಿನ ಮುಂದೆ ನಿಂತಳಂತೆ. ಆಮೇಲೆ ಆ ಚಿಲಕ ಬಂತು. ಸಂಜೆಯ ಪೇಜ್, ಅಂದರೆ ಕುಚ್ಚಲಕ್ಕಿ ಗಂಜಿ, ಮೇಲೆ ಸುಟ್ಟ ಒಣಮೀನಿನ ಒಂದು ತುಂಡು, ಇದನ್ನು ಒಳಗೆ ಕೊಟ್ಟು ಬರುವ ಕೆಲಸ ನನ್ನದು. ಹನ್ನೊಂದು ವರ್ಷದ ಹಿರಿಮಗಳು ನಾನು. ತಮ್ಮ ಸಿರಿಲ್ ಐದರವನು. ಅವನಿಗೆ ಒಳಗೆ ಹೋಗಲು ಬಿಡುತ್ತಿರಲಿಲ್ಲ. ಬಾಗಿಲ ಅಡಿಯ ಸಂದಿಯಿಂದ ಅವನು ಪೆಪ್ಪರ್‌ಮಿಂಟ್ ತಳ್ಳುತ್ತಿದ್ದ, ಆ ಕಡೆಯಿಂದ ನಾಲ್ಕು ಬೆರಳು ಬಂದು ತೆಗೆದುಕೊಳ್ಳುತ್ತಿದ್ದವು. ಅವನ ಪಾಲಿಗೆ ಮಾವ್ಶಿ ಅಂದರೆ ಆ ನಾಲ್ಕು ಬೆರಳು.

ರಾತ್ರಿ ಊಟಕ್ಕೆ ಮೊದಲು ತೇರ್ಸ್, ಜಪಮಾಲೆಯ ಪ್ರಾರ್ಥನೆ. ಅದು ಮುಗಿದ ಕೂಡಲೇ ಚಿಕ್ಕವರು ದೊಡ್ಡವರ ಮುಂದೆ ಹೋಗಿ, ಕೈ ಜೋಡಿಸಿ ತಲೆ ಬಗ್ಗಿಸಿ ಬೆಸಾಂವ್ ಕೇಳಬೇಕು. ಆಶೀರ್ವಾದ. ನಮ್ಮ ಕೊಂಕಣಿ ಕ್ರಿಸ್ತುವರ ಎಲ್ಲ ಮನೆಗಳಲ್ಲೂ ಇದ್ದ ಕ್ರಮ. ಕೇಳದೆ ಊಟಕ್ಕೆ ಕೂತರೆ ಅನ್ನ ಮೈಗೆ ಹತ್ತುವುದಿಲ್ಲ ಎಂದು ಮಾಂಯ್ ಹೆದರಿಸುತ್ತಿದ್ದಳು. ಮೊದಲು ಪಪ್ಪಾ, ಆಮೇಲೆ ಮಾಂಯ್, ಕೊನೆಗೆ ಆ ಮುಚ್ಚಿದ ಬಾಗಿಲು. ಅದರ ಮುಂದೆ ನಿಂತು ಇಬ್ಬರೂ ಹೇಳುತ್ತಿದ್ದೆವು:

“ಬೆಸಾಂವ್ ದಿ, ಮಾವ್ಶಿ.”

ಒಳಗಿಂದ ಮೂರು ಬಡಿತ. ಪಿತನ, ಸುತನ, ಪವಿತ್ರಾತ್ಮನ ಹೆಸರಿನಲ್ಲಿ. ಮಾತಿಲ್ಲದವಳ ಬೆಸಾಂವ್ ಅದು.

ಊಟದ ಹೊತ್ತಿಗೆ ಪಪ್ಪಾ ಮತ್ತು ಮಾಂಯ್ ಜಗಳಾಡುತ್ತಿದ್ದರು. ಜಗಳ ಯಾವಾಗಲೂ ಒಂದೇ. ನದಿಯಾಚೆ ಸಿಸ್ಟರುಗಳು ನಡೆಸುವ ಒಂದು ಹೋಮ್ ಇದೆ, ಅಲ್ಲಿಗೆ ಕಳಿಸೋಣ ಎಂದು ಪಪ್ಪಾ. ನಾನು ಸತ್ತ ಮೇಲೆ ಕಳಿಸಿ ಎಂದು ಮಾಂಯ್. ಮಕ್ಕಳಿಗೆ ತಿಳಿಯಬಾರದೆಂದು ಪಪ್ಪಾ ತಮ್ಮ ಭಾಗವನ್ನೆಲ್ಲ ಇಂಗ್ಲಿಷಿನಲ್ಲಿ ಆಡುತ್ತಿದ್ದರು, ನನ್ನನ್ನು ಅವರೇ ಕಾನ್ವೆಂಟಿಗೆ ಹಾಕಿದ್ದು ಮರೆತು. ವಾಟ್ ವಿಲ್ ಪೀಪಲ್ ಸೇ ಎನ್ನುವುದು ನನಗೆ ಗ್ರೇಸ್ ಬಿಫೋರ್ ಮೀಲ್ಸ್‌ನ ಹಾಗೆ ಬಾಯಿಪಾಠವಾಗಿತ್ತು. ಮುಚ್ಚಿಡಬೇಕಾದ್ದನ್ನು ಇಂಗ್ಲಿಷಿನಲ್ಲಿ ಹೇಳಬೇಕು ಎಂದು ನಾನು ಕಲಿತದ್ದು ಸ್ಕೂಲಿನಲ್ಲಲ್ಲ, ಆ ಮೇಜಿನ ಮುಂದೆ.

ಆ ವರ್ಷ ನನ್ನ ಹುಟ್ಟುಹಬ್ಬಕ್ಕೆ ಕ್ಲಾಸಿನ ಮೂವರು ಹುಡುಗಿಯರನ್ನು ಕರೆದಿದ್ದೆ. ಅವರಲ್ಲಿ ಲವೀನಾ ವಕೀಲರ ಮಗಳು, ಅವಳ ಸಾಕ್ಸ್ ಬಿಳಿ ಅಂದರೆ ಬಿಳಿ. ಅವರನ್ನು ಕರೆದೊಯ್ಯುವ ಕಾರು ತಡವಾಯಿತು. ತೇರ್ಸಿನ ಹೊತ್ತಾಯಿತು, ಅವರೂ ಮೊಣಕಾಲೂರಿದರು. ಮುಗಿದ ಮೇಲೆ ನಾನು ಪಪ್ಪಾನ ಬೆಸಾಂವ್ ಕೇಳಿದೆ, ಮಾಂಯ್‌ಯದು ಕೇಳಿದೆ, ಆ ಬಾಗಿಲಿನ ಕಡೆ ನೋಡದೆ ನೇರ ಅಡಿಗೆಮನೆಗೆ ತಟ್ಟೆ ತರಲು ಹೊರಟೆ. ಯಾರೂ ಕೇಳದಿದ್ದರೂ ಬಡಿತ ಬಂತು. ಎರಡು ಹತ್ತಿರ ಹತ್ತಿರ, ಮೂರನೆಯದು ತಡೆದು. ಲವೀನಾ ಕತ್ತು ಹೊರಳಿಸಿ, ಒಳಗೆ ಯಾರು ಎಂದಳು.

“ನೋಬಡಿ,” ಎಂದೆ ನಾನು. “ಇಟ್ ಈಸ್ ಓನ್ಲಿ ದ ಸ್ಟೋರ್ ರೂಮ್. ರ್‍ಯಾಟ್ಸ್.”

ಮಾಂಯ್‌ಗೆ ಪಪ್ಪಾನ ಜಗಳದ ಇಂಗ್ಲಿಷ್ ಬಿಟ್ಟರೆ ಬೇರೆ ಇಂಗ್ಲಿಷ್ ಬರುತ್ತಿರಲಿಲ್ಲ. ಪಪ್ಪಾ ಕೇಳಿಯೂ ಕೇಳದವರ ಹಾಗೆ ದೀಪದ ಬತ್ತಿ ಸರಿಮಾಡಿದರು. ಒಳಗಿದ್ದವಳು ಮಾತ್ರ ನನಗಿಂತ ಎಷ್ಟೋ ಮೊದಲು ಅದೇ ಕಾನ್ವೆಂಟಿನಲ್ಲಿ, ಅವೇ ಬೆಂಚುಗಳ ಮೇಲೆ ಕಲಿತವಳು. ಮಾರನೆಯ ಸಂಜೆ ಬಾಗಿಲ ಮುಂದೆ ನಿಂತು ಬೆಸಾಂವ್ ಕೇಳಿದೆವು. ಏನೂ ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಸಿರಿಲ್ ಮಾತ್ರ ದಿನಾ ಅಲ್ಲೇ ನಿಂತು, ಮಾವ್ಶಿಗೆ ಜ್ವರವಾ, ಮಾವ್ಶಿಗೆ ಸಿಟ್ಟಾ ಎಂದು ಎಲ್ಲರನ್ನೂ ಕೇಳುತ್ತಿದ್ದ. ಮೂರು ವಾರದೊಳಗೆ ಪಪ್ಪಾನ ಮಾತು ಗೆದ್ದಿತು. ಕಾರು ಬರುವ ಬೆಳಗ್ಗೆ ನಾನು ಚಾಪೆಲ್ ಡ್ಯೂಟಿ ಇದೆಯೆಂದು ಸುಳ್ಳು ಹೇಳಿ ಬೇಗ ಸ್ಕೂಲಿಗೆ ಹೋದೆ. ಬಂದು ನೋಡಿದರೆ ಚಿಲಕ ಸುಮ್ಮನೆ ನೇತಾಡುತ್ತಿತ್ತು. ಮಾವ್ಶಿ ಆ ಹೋಮಿನಲ್ಲೇ ತೀರಿಕೊಂಡಳು. ನಮ್ಮ ಮನೆಯಲ್ಲಿ ಅವಳ ಒಂದು ಫೋಟೋ ಕೂಡ ಇರಲಿಲ್ಲ.

ನಾನು ಟೈಪಿಂಗ್ ಕಲಿತು ಕುವೈತಿಗೆ ಬಂದೆ, ಆಫೀಸಿನಲ್ಲಿ ದುಡಿದೆ, ಮದುವೆಯಾದೆ, ವಿಧವೆಯಾದೆ, ಈಗ ಮಗಳ ಜೊತೆ ಇದ್ದೇನೆ. ಸಿರಿಲನೂ ಇಲ್ಲಿಗೇ ಬಂದ. ಮೀನಾ ಅಬ್ದುಲ್ಲಾ ಎಂಬ ಊರಿನಲ್ಲಿ ರಿಫೈನರಿಯ ಕಾಂಟ್ರ್ಯಾಕ್ಟರ್ ಒಬ್ಬರ ಬಳಿ ಡಾಕ್ಯುಮೆಂಟ್ ಕಂಟ್ರೋಲರ್, ಕ್ಯಾಂಪಿನಲ್ಲೇ ವಾಸ. ಮದುವೆ ಆಗಲಿಲ್ಲ. ಅರವತ್ತು ದಾಟಿದ ಮೇಲೂ ಅವನ ಕಫೀಲ್, ವೀಸಾದ ಧಣಿ, ಹೇಗೋ ಇಕಾಮಾವನ್ನು, ಅಂದರೆ ವಾಸದ ಪರವಾನಗಿಯನ್ನು, ವರ್ಷ ವರ್ಷ ಎಳೆದುಕೊಡುತ್ತಿದ್ದ. ಪ್ರತಿ ಶುಕ್ರವಾರ ಮಾಸ್ ಮುಗಿಸಿ ನಮ್ಮಲ್ಲಿಗೆ ಊಟಕ್ಕೆ. ಜುಬೈದಿ ಮೀನಿನ ಸಾರು ಮಾಡಿದರೆ, ಇದು ನಮ್ಮೂರ ಮಾಂಜಿಯೇ, ಅರಬಿ ಕಲಿತಿದೆ ಅಷ್ಟೆ ಎನ್ನುತ್ತಿದ್ದ. ಹೊರಡುವಾಗ ತಪ್ಪದೆ ತಲೆ ಬಗ್ಗಿಸಿ ನನ್ನ ಬೆಸಾಂವ್ ಕೇಳುತ್ತಿದ್ದ. ಪಪ್ಪಾ, ಮಾಂಯ್ ಹೋದ ಮೇಲೆ ಅವನಿಗೆ ದೊಡ್ಡವಳು ನಾನೊಬ್ಬಳೇ.

ಅವನಿಗೊಂದು ಹುಚ್ಚಿತ್ತು, ಒಂದು ಹಳೆಯ ಕಂಪ್ಯೂಟರ್ ಆಟ. ಹೊಡೆದಾಟವಿಲ್ಲ. ಜನ ಸೇರಿ ಮನೆ ಕಟ್ಟುವುದು, ತೋಟ ಮಾಡುವುದು, ಒಬ್ಬರ ಮನೆಗೆ ಒಬ್ಬರು ಹೋಗುವುದು. ಆಟ ಮಾಡಿದ ಕಂಪನಿ ಅದನ್ನು ಯಾವಾಗಲೋ ಮುಚ್ಚಿತ್ತು. ಬಿಡಲಾರದ ಜನ ತಮ್ಮ ತಮ್ಮ ಕಂಪ್ಯೂಟರಿನಲ್ಲೇ ಅದನ್ನು ನಡೆಸುತ್ತಾರಂತೆ. ಪ್ರೈವೇಟ್ ಸರ್ವರ್ ಎನ್ನುತ್ತಾರೆ. ಸಿರಿಲ್ ಕ್ಯಾಂಪಿನ ರೂಮಿನಲ್ಲಿ, ಮಂಚದ ಕೆಳಗೆ, ಅಂಥದ್ದೊಂದು ಇಟ್ಟಿದ್ದ. ಒಂದು ಶುಕ್ರವಾರ ಊಟವಾದ ಮೇಲೆ ನನ್ನ ಲ್ಯಾಪ್‌ಟಾಪಿನಲ್ಲಿ ಆಟವನ್ನು ಹಾಕಿ, ಎಲ್ಲೋ ಒಳಗಿನ ಫೋಲ್ಡರಿನಿಂದ ಹೋಸ್ಟ್ಸ್ ಎಂಬ ಒಂದು ಫೈಲ್ ತೆರೆದ. ನಾಲ್ಕು ಸಾಲಿನ ಚೀಟಿಯ ಹಾಗಿತ್ತು ಅದು.

“ನೋಡು ಬಾಯ್,” ಎಂದ. ನಾವು ಅಕ್ಕನಿಗೆ ಬಾಯ್ ಎನ್ನುವುದು. “ಈ ಆಟಕ್ಕೆ ಕಂಪನಿಯ ಹೆಸರು ಮಾತ್ರ ಗೊತ್ತು. ಕಂಪನಿ ಸತ್ತದ್ದು ಗೊತ್ತಿಲ್ಲ, ಪಾಪ ಅದನ್ನೇ ಹುಡುಕುತ್ತದೆ. ಕಂಪ್ಯೂಟರ್ ಹೊರಗೆ ವಿಚಾರಿಸುವ ಮೊದಲು ತನ್ನ ಕಿಸೆಯಲ್ಲಿರುವ ಈ ಚೀಟಿ ನೋಡುತ್ತದೆ. ಇಲ್ಲಿ ಆ ಹೆಸರಿನ ಮುಂದೆ ನನ್ನ ರೂಮಿನ ಕಂಪ್ಯೂಟರಿನ ನಂಬರ್ ಬರೆದರೆ ಮುಗಿಯಿತು, ಸೀದಾ ಮೀನಾ ಅಬ್ದುಲ್ಲಾ.”

ಅದು ಸುಳ್ಳು ವಿಳಾಸ ಕೊಟ್ಟ ಹಾಗಲ್ಲವಾ ಎಂದೆ. ಸತ್ತವರು ಮನೆ ಬದಲಾಯಿಸಿದ್ದಾರೆ ಅಂತ ತಿಳಿಸುವುದು ಅಷ್ಟೆ ಎಂದು ನಕ್ಕ. ಸಾಲಿನ ಮೊದಲಿಗೆ ಹ್ಯಾಶ್ ಗುರುತು ಹಾಕಿದರೆ ಕಂಪ್ಯೂಟರ್ ಆ ಸಾಲನ್ನು ಓದುವುದಿಲ್ಲ ಎಂದೂ ತೋರಿಸಿದ. ಸಾಲು ಅಲ್ಲೇ ಇರುತ್ತದೆ, ಮನುಷ್ಯರ ಕಣ್ಣಿಗೆ ಕಾಣುತ್ತದೆ, ಯಂತ್ರದ ಪಾಲಿಗೆ ಇಲ್ಲ. ಜೀವಮಾನವಿಡೀ ಕಾಗದ ಜೋಡಿಸಿಟ್ಟವನಲ್ಲವೇ, ಎಲ್ಲವನ್ನೂ ಸ್ಟೆಪ್ ಒನ್, ಸ್ಟೆಪ್ ಟೂ ಎಂದು ಒಂದು ಹಾಳೆಯಲ್ಲಿ ಬರೆದುಕೊಟ್ಟ.

ಪರದೆಯ ಮೇಲೆ ನಮ್ಮ ಮನೆ ಬಂತು. ನಾನು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡೆ. ಕೆಂಪು ನೆಲ, ಆಲ್ತಾರ್, ಕೆಂಪು ದೀಪ, ಪಪ್ಪಾನ ಆರಾಮಕುರ್ಚಿಯ ಮುರಿದ ಕೈ. ಅವನು ಚಡ್ಡಿ ಹಾಕಿದ ಐದು ವರ್ಷದ ಹುಡುಗ, ತಲೆಯ ಮೇಲೆ ಸಿರಿಲ್ ಎಂಬ ಹೆಸರು. ನಾನು ಬೂದುಕೂದಲಿನ ಮುದುಕಿ, ಹೌಸ್‌ಕೋಟಿನಲ್ಲಿ. ನನ್ನನ್ನೂ ಹುಡುಗಿ ಮಾಡಬಾರದಿತ್ತಾ ಎಂದು ಕೇಳಿದೆ.

“ನೀನು ಹುಡುಗಿಯಾಗಿದ್ದದ್ದು ಯಾವಾಗ? ಹುಟ್ಟುವಾಗಲೇ ಹೆಡ್‌ಮಿಸ್ಟ್ರೆಸ್.”

ಮೂರು ನಾಲ್ಕು ಶುಕ್ರವಾರ ನಾವು ಆ ಮನೆಯಲ್ಲಿ ಓಡಾಡಿದೆವು. ಸುಮ್ಮನೆ ನಿಲ್ಲಿಸಿದರೆ ಆ ಗೊಂಬೆಗಳು ಆಗಾಗ ತಾವಾಗಿಯೇ ಕೈ ಜೋಡಿಸಿ ತಲೆ ಬಗ್ಗಿಸುತ್ತಿದ್ದವು. ಆಟ ಮಾಡಿದವರು ಹಾಗೆ ಇಟ್ಟಿದ್ದಾರಂತೆ. ಒಂದು ದಿನ ಆ ಹಜಾರದಲ್ಲಿ ನಿಂತಿದ್ದಾಗ ಮೂರು ಬಡಿತ ಕೇಳಿತು. ಆ ಶಬ್ದ ಯಾಕೆ ಹಾಕಿದೆ ಎಂದು ಗದರಿದೆ. ಅವನು ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿ ತೋರಿಸಿದ. ಸ್ಪೀಕರ್ ಮ್ಯೂಟ್‌ನಲ್ಲಿತ್ತು. ನಾನು ಕಾರಣ ಹುಡುಕುವವಳು. ಹಳೆಯ ಬಿಲ್ಡಿಂಗ್, ನೀರಿನ ಪೈಪ್, ಎಸಿ ಎಂದುಕೊಂಡೆ. ಸಿರಿಲ್ ನನ್ನನ್ನೇ ನೋಡುತ್ತಿದ್ದ. ಆಮೇಲೆ ತನ್ನ ಹುಡುಗನನ್ನು ಆ ಕೋಣೆಯ ಮುಂದೆ ನಡೆಸಿ, ಹೊರಗಿನ ಚಿಲಕ ತೆಗೆದ. ಒಳಗೆ ಮಂಚ, ಪೇಜಿನ ಬಟ್ಟಲು, ಬಾಗಿಲ ಸಂದಿಯ ಬಳಿ ಬಿಳಿಯದೊಂದು ಚುಕ್ಕೆ, ಪೆಪ್ಪರ್‌ಮಿಂಟ್ ಇರಬೇಕು. ಮಂಚ ಖಾಲಿ.

“ಮಾವ್ಶಿಯನ್ನು ಮಾಡಬೇಕು ಬಾಯ್. ನಾನು ಮುಖ ನೋಡಿದವನಲ್ಲ. ಈಗ ನೋಡಿದವರು ನೀನೊಬ್ಬಳೇ. ಹೇಗಿದ್ದಳು, ಹೇಳು.”

“ಐ ಡೋಂಟ್ ರಿಮೆಂಬರ್, ಸಿರಿಲ್. ಲೀವ್ ಇಟ್.”

“ಇಂಗ್ಲಿಷಿನಲ್ಲಿ ಹೇಳಿದೆ,” ಎಂದ ಅವನು, ಮೆಲ್ಲಗೆ.

ಅವನು ಹೋದ ಮೇಲೆ ಅವನದೇ ಹಾಳೆ ಎದುರಿಟ್ಟುಕೊಂಡು, ಸ್ಟೆಪ್ ಒನ್‌ನಿಂದ ತೊಡಗಿ, ನಾನು ಆ ಫೈಲ್ ತೆರೆದೆ. ಸಾಲಿನ ಮೊದಲಿಗೆ ಒಂದು ಹ್ಯಾಶ್ ಹೊಡೆದು ಸೇವ್ ಮಾಡಿದೆ. ಮನೆ ಹೋಯಿತು. ಆಟ ಕೆಲಸ ಮಾಡುತ್ತಿಲ್ಲ ಎಂದು ಮುಂದಿನ ಶುಕ್ರವಾರ ಹೇಳಿದೆ. ನಾನು ಒಳಗೆ ಮೀನಿಗೆ ಹುಳಿ ಹಾಕುವಷ್ಟರಲ್ಲಿ ಅವನು ಫೈಲ್ ನೋಡಿದ್ದ. ಏನೋ ಟೈಪ್ ಮಾಡಿದ ಸದ್ದೂ ಕೇಳಿತು, ಸರಿ ಮಾಡಿದನೆಂದುಕೊಂಡೆ. ಊಟ ಮುಗಿಸಿ ಕೈ ತೊಳೆದು ಬಂದು ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತ ಹೇಳಿದ:

“ಮತ್ತೆ ಹೊರಗಿಂದ ಚಿಲಕ ಹಾಕಿದೆಯಲ್ಲ, ಬಾಯ್.”

ಬೆಸಾಂವ್ ಕೇಳದೆ ಲಿಫ್ಟಿಗೆ ಹೋದ. ಅಷ್ಟು ವರ್ಷಗಳಲ್ಲಿ ಅದೇ ಮೊದಲು. ಕರೆಯಬೇಕೆಂದು ಬಾಯಿ ತೆರೆದೆ, ಮುಂದಿನ ವಾರ ಸರಿಹೋಗುತ್ತದೆ ಬಿಡು ಎಂದುಕೊಂಡೆ. ಮಂಗಳವಾರ ಬೆಳಗ್ಗೆ ಡ್ಯೂಟಿಗೆ ಹೋಗುವ ಬಸ್ಸಿನಲ್ಲಿ ಕೂತಲ್ಲೇ ಅವನ ಎದೆಬಡಿತ ನಿಂತಿತು. ಶವಾಗಾರಕ್ಕೆ ಮಗಳ ಜೊತೆ ಹೋದೆ. ಅವಳು ಒಳಗೆ ಹೋಗಿ ಗುರುತು ಹೇಳಿ ಸಹಿ ಮಾಡಿದಳು. ನಾನು ಹೊರಗಿನ ಬೆಂಚಿನಲ್ಲೇ ಕೂತೆ. ಆ ಬಾಗಿಲು ತೆರೆಯಲು ನನಗೆ ಆಗಲಿಲ್ಲ. ದೇಹ ಊರಿಗೆ ಹೋಯಿತು, ಪಪ್ಪಾ ಮಾಂಯ್ ಪಕ್ಕದಲ್ಲಿ ಮಣ್ಣಾಯಿತು. ಬೆಸಾಂವ್ ಮಾತ್ರ ನನ್ನ ಬಳಿಯೇ ಉಳಿಯಿತು, ಕೊಡದೆ.

ಒಂದು ತಿಂಗಳ ಮೇಲೆ, ಅವನ ಹೆಸರಿನ ಮಾಸ್ ಆದ ವಾರ, ಸಂಜೆ ಐದೂವರೆಗೆ ಫೋನ್ ಬಂತು. ಅಬ್ಬಾಸ್, ಅವನ ರೂಮ್‌ಮೇಟ್, ಉಳ್ಳಾಲದ ಕಡೆಯ ಬ್ಯಾರಿ, ನಮ್ಮ ಕ್ರಿಸ್ತುವರನ್ನು ಪೊರ್ಬು ಎಂದು ಕರೆಯುವ ಊರಿನವನು.

“ಬಾಯಮ್ಮ, ನಾಳೆಗೆ ರೂಮ್ ಬೇರೆಯವರಿಗೆ. ಸಾಮಾನು ಸ್ಟೋರಿಗೆ ಸಾಗಿಸ್ಲಿಕ್ಕೆ ಏಳಕ್ಕೆ ಗಾಡಿ ಬರ್ತದೆ. ಸಿರಿಲ್ ಪೊರ್ಬುಗಳ ಕಂಪ್ಯೂಟರ್ ಇನ್ನೂ ಓಡ್ತಾ ಉಂಟು. ಆಫ್ ಮಾಡ್ಲಾ?”

ಇನ್ನೂ ಓಡುತ್ತಿದೆಯಾ ಎಂದೆ. ಅವರು ಆ ಮಂಗಳವಾರ ಬೆಳಗ್ಗೆ ಹೋಗುವಾಗ ಹೇಗೆ ಬಿಟ್ಟಿದ್ದರೋ ಹಾಗೇ ಇದೆ, ಮುಟ್ಟಿದರೆ ಬಯ್ಯುತ್ತಾರೆ ಅಂತ ಈಗಲೂ ಹೆದರಿಕೆ, ಮೇಲೊಂದು ಟವೆಲ್ ಹೊದಿಸಿದ್ದೇನೆ ಎಂದ. ಏಳರವರೆಗೆ ಬಿಡು ಅಬ್ಬಾಸ್, ಒಂದು ನಿಮಿಷ ಮೊದಲು ಬೇಡ ಎಂದು ಹೇಳಿದೆ.

ಸಿರಿಲನ ಹಾಳೆ ನನ್ನ ಪ್ರಾರ್ಥನೆ ಪುಸ್ತಕದೊಳಗಿತ್ತು. ಅವಸರದಲ್ಲಿ ಫೈಲನ್ನು ಹಾಗೇ ತೆರೆದು ಹ್ಯಾಶ್ ಅಳಿಸಿದೆ. ಬದಲಾಯಿಸಲು ನಿಮಗೆ ಅನುಮತಿಯಿಲ್ಲ ಎಂದಿತು ಕಂಪ್ಯೂಟರ್. ಇನ್ನೊಂದು ಸಲ ಮಾಡಿದೆ, ಅದೇ ಉತ್ತರ. ಹೊರಗೆ ಸಂಜೆಯ ಮಗ್ರಿಬ್‌ನ ಬಾಂಗ್ ಶುರುವಾಗಿ ಮುಗಿಯಿತು. ಹಾಳೆಯನ್ನು ಮೊದಲಿಂದ ಓದಿದೆ. ಸ್ಟೆಪ್ ಒನ್: ನೋಟ್‌ಪ್ಯಾಡನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಬೇಕು, ಆಮೇಲೆ ಫೈಲ್. ಅಂದರೆ ಮನೆಯ ಯಜಮಾನಿಯಾಗಿ ಬರಬೇಕು, ನೆಂಟಳಾಗಿ ಅಲ್ಲ. ಹಾಗೆ ಮಾಡಿ ಮತ್ತೆ ತೆರೆದಾಗಲೇ ಕಂಡದ್ದು: ನಾನು ಹ್ಯಾಶ್ ಹಾಕಿದ ಸಾಲಿನ ಕೆಳಗೆ ಇನ್ನೊಂದು ಸಾಲಿತ್ತು, ಅದಕ್ಕೂ ಹ್ಯಾಶ್. ಇಂಗ್ಲಿಷ್ ಅಕ್ಷರದಲ್ಲಿ ನಮ್ಮ ಕೊಂಕಣಿ. ಆ ಕೊನೆಯ ಶುಕ್ರವಾರ ನಾನು ಮೀನಿಗೆ ಹುಳಿ ಹಾಕುತ್ತಿದ್ದಾಗ ಬರೆದದ್ದು.

ಬಾಯ್, ಬಾಗಿಲು ನೀನೇ ತೆಗೆಯಬೇಕು.

ನನ್ನ ಸಾಲಿನ ಹ್ಯಾಶ್ ತೆಗೆದೆ. ಅವನ ಸಾಲಿನದನ್ನು ಮುಟ್ಟಲಿಲ್ಲ, ಅದು ಯಂತ್ರಕ್ಕೆ ಬರೆದದ್ದಲ್ಲ. ಸೇವ್ ಆಯಿತು. ಆಟ ತೆರೆಯಿತು. ಗಂಟೆ ಆರೂ ನಲವತ್ತು.

ಹಜಾರ ಖಾಲಿ. ದೀಪ ಉರಿಯುತ್ತಿತ್ತು. ಕುರ್ಚಿ, ಅಡಿಗೆಮನೆ, ತಟ್ಟೆಗಳು, ಎಲ್ಲ ಇದ್ದ ಹಾಗೇ. ಒಂದು ತಿಂಗಳು ಯಾರೂ ಇಲ್ಲದ ಮನೆಯ ಹಾಗೆ ಕಾಣಲಿಲ್ಲ. ಯಾರೋ ಈಗ ತಾನೆ ಒಳಗೆ ಎದ್ದುಹೋದ ಹಾಗಿತ್ತು. ನನ್ನ ಮುದುಕಿಯನ್ನು ಆ ಕೋಣೆಯ ಮುಂದೆ ತಂದು ನಿಲ್ಲಿಸಿದೆ. ಆಗ ಬಂತು. ಎರಡು, ಆಮೇಲೆ ತಡೆದು ಒಂದು. ಸ್ಪೀಕರಿನ ಗುರುತಿನ ಮೇಲೆ ಅಡ್ಡಗೆರೆ ಹಾಗೇ ಇತ್ತು. ಪೈಪ್ ಎಂದುಕೊಳ್ಳಲು ಈ ಸಲ ಮನಸ್ಸಾಗಲಿಲ್ಲ. ಚಿಲಕ ತೆಗೆದೆ.

ಮಂಚದ ಪಕ್ಕದಲ್ಲಿ ಚಡ್ಡಿಯ ಹುಡುಗ ನಿಂತಿದ್ದ. ತಲೆಯ ಮೇಲೆ ಸಿರಿಲ್ ಎಂದು ಹೆಸರು.

ಎದ್ದು ಹೋಗಿ ಮುಖಕ್ಕೆ ನೀರು ಹಾಕಿಕೊಂಡು ಬಂದೆ. ಕಾರಣ ಆಗ ಹೊಳೆಯಿತು. ಆ ಮಂಗಳವಾರ ಡ್ಯೂಟಿಗೆ ಹೊರಡುವ ಮೊದಲು ಅವನು ಆಟದೊಳಗಿದ್ದ, ಆಚೆ ಬರದೆ ಹಾಗೇ ಬಸ್ಸಿಗೆ ಓಡಿದ್ದ. ಆಟದಲ್ಲಿ ಒಳಗೆ ಹೋದವರ ಹಿಂದೆ ಆ ಚಿಲಕ ತಾನಾಗಿಯೇ ಬೀಳುತ್ತದೆ. ಸರ್ವರ್ ಅವನದೇ, ಸುಮ್ಮನೆ ನಿಂತವರನ್ನು ಹೊರಗೆ ಹಾಕುವವರು ಯಾರಿದ್ದಾರೆ? ಒಂದು ತಿಂಗಳಿಂದ, ಅವನನ್ನು ಮಣ್ಣಿಗಿಟ್ಟ ಮೇಲೂ, ಖಾಲಿ ಮಂಚದ ಪಕ್ಕದಲ್ಲಿ ಅವನು ಹಾಗೇ ನಿಂತಿದ್ದ. ಒಳಗೆ ಬಿಡದ ಕೋಣೆಯೊಳಗೆ ಕೊನೆಗೂ ಹೋಗಿ ಕಾಯುತ್ತಿದ್ದ.

ನನ್ನ ಮುದುಕಿಯನ್ನು ಮಂಚದ ಮೇಲೆ ಕೂರಿಸಿದೆ. ಆಗಲೇ ಅವಳನ್ನು ಎದುರಿನಿಂದ ಸರಿಯಾಗಿ ನೋಡಿದ್ದು. ಕತ್ತರಿಸಿದ ಬೂದುಕೂದಲು, ಅಗಲ ಹಣೆ, ಒಂದು ಕಡೆಗೆ ಇಳಿದ ತುಟಿ. ಸಿರಿಲ್ ನನ್ನನ್ನು ನೋಡಿ ಮಾಡಿದ್ದು. ನನಗೆ ನೆನಪಿಲ್ಲ ಎಂದದ್ದು ಸುಳ್ಳು. ಎಷ್ಟೋ ವರ್ಷಗಳಿಂದ ಪ್ರತಿ ಬೆಳಗ್ಗೆ ಹಲ್ಲುಜ್ಜುವಾಗ ಕನ್ನಡಿಯಲ್ಲಿ ಆ ಮುಖ ನೋಡುತ್ತಿದ್ದೇನೆ. ಆಟದಲ್ಲಿ ಮಾತು ಬರೆಯುವ ಪಟ್ಟಿಯಲ್ಲಿ, ನಮ್ಮ ಭಾಷೆಯಲ್ಲೇ, ಟೈಪ್ ಮಾಡಿದೆ. ಮಾವ್ಶಿ ನನ್ನ ಹಾಗೇ ಇದ್ದಳು ಸಿರಿಲ್. ಗಲ್ಲದ ಮೇಲೆ ಮಚ್ಚೆ ಒಂದು ಹೆಚ್ಚು. ಬಟ್ಟಲು ಕೊಟ್ಟರೆ ಮೊದಲ ತುತ್ತು ನನಗೆ ತಿನ್ನಿಸುತ್ತಿದ್ದಳು. ಅವಳಿಗೆ ನಿನ್ನ ಮೇಲೆ ಸಿಟ್ಟಿರಲಿಲ್ಲ. ಒಳಗೆ ಯಾರೂ ಇಲ್ಲ, ಇಲಿ ಎಂದು ನಾನು ಹೇಳಿದೆ, ಅವಳು ಕೇಳಿಸಿಕೊಂಡಳು.

ಸಾಲುಗಳು ಪರದೆಯ ಮೂಲೆಯಲ್ಲಿ ಒಂದರ ಮೇಲೊಂದು ನಿಂತವು. ಏಳಕ್ಕೆ ಎರಡು ನಿಮಿಷ. ಹುಡುಗ ಕೈ ಜೋಡಿಸಿದ, ತಲೆ ಬಗ್ಗಿಸಿದ. ಆಟದವರು ಹಾಗೆ ಇಟ್ಟಿದ್ದಾರೆ, ಗೊತ್ತು. ನಾನು ಬಾಯಿಬಿಟ್ಟು ಹೇಳಿದೆ, ಖಾಲಿ ಫ್ಲ್ಯಾಟಿನಲ್ಲಿ:

“ದೇವ್ ಬರೆಂ ಕರುಂ, ಪುತಾ.”

ದೇವರು ಒಳ್ಳೆಯದು ಮಾಡಲಿ, ಮಗನೇ. ಆಮೇಲೆ ಊಟದ ಮೇಜಿನ ಹಲಗೆಯ ಮೇಲೆ ಬೆರಳ ಗೆಣ್ಣಿನಿಂದ ಬಡಿದೆ. ಎರಡು ಹತ್ತಿರ ಹತ್ತಿರ. ಉಸಿರು ತೆಗೆದುಕೊಂಡೆ. ಮೂರನೆಯದು.

ಮೀನಾ ಅಬ್ದುಲ್ಲಾದಲ್ಲಿ ಅಬ್ಬಾಸ್ ಟವೆಲ್ ಎತ್ತಿರಬೇಕು. ಚಿತ್ರ ಇದ್ದಲ್ಲೇ ನಿಂತಿತು. ಕೆಂಪು ದೀಪ ಮಿಣುಕುವುದನ್ನು ಬಿಟ್ಟಿತು. ಸಂಪರ್ಕ ಕಡಿದಿದೆ ಎಂಬ ಮಾತು ಬಂದು ಪರದೆ ಕಪ್ಪಾಗುವವರೆಗೂ ಅವನು ಹಾಗೇ ಇದ್ದ. ಸಿರಿಲನನ್ನು ನಾನು ಕೊನೆಯ ಸಲ ನೋಡಿದ್ದು ಅದು: ಐದು ವರ್ಷದವನು, ನನ್ನ ಮುಂದೆ ತಲೆ ಬಗ್ಗಿಸಿದವನು, ಇನ್ನೂ ಎತ್ತಿರಲಿಲ್ಲ.